ಗಾಜಿನ ಮೇಲಿನ ಕುಂಕುಮ

ಸತ್ತು ನೂರೈವತ್ತು ವರ್ಷವಾದವರ ಸುಳ್ಳು ಹಿಡಿಯುವುದೂ ಒಂದು ಕೆಲಸವೇ? ಸ್ವೀಡನ್ನಿನ ಕಾರ್ಲ್‌ಸ್ಟಾಡ್ ವಿಶ್ವವಿದ್ಯಾಲಯ ಚಾರ್ವಿಗೆ ಸಂಬಳ ಕೊಡುತ್ತಿದ್ದುದು ಅದಕ್ಕೇ. ಹಳೆಯ ಯುದ್ಧದ ಫೋಟೊಗಳಲ್ಲಿ ಯಾವ ಫಿರಂಗಿ ಗುಂಡನ್ನು ರಸ್ತೆಗೆ ತಂದು ಉರುಳಿಸಿದ್ದಾರೆ, ಯಾವ ಹೆಣವನ್ನು ಎಳೆದು ಮಲಗಿಸಿದ್ದಾರೆ ಎಂದು ಅವಳು ನೆರಳು ಅಳೆದು ಹೇಳುತ್ತಿದ್ದಳು. ಅಂಥವಳ ಕೈಗೇ ಮನೆಯ ಫೋಟೊ ಸಿಕ್ಕಿತು ನೋಡಿ!

ಶನಿವಾರ ಕನ್ನಡ ಕೂಟದ ರಾಜ್ಯೋತ್ಸವ. ಅಪ್ಪ ಶಿವಕುಮಾರ ತಮ್ಮ ತಾತನ ಫೋಟೊವನ್ನು ದೊಡ್ಡದು ಮಾಡಿಸಿ ಅಲ್ಲಿ ಇಡುವವರಿದ್ದರು. ಮೈಸೂರು ಕುದುರೆ ಪಡೆಯ ಸವಾರ, ಕೈಯಲ್ಲಿ ಈಟಿ, ಹಿಂದೆ ಬೋಳು ಗುಡ್ಡ. ತಾತ ಮೊದಲ ಮಹಾಯುದ್ಧದಿಂದ ವಾಪಸು ಬರಲೇ ಇಲ್ಲ. "ರಣರಂಗದಲ್ಲೇ ತೆಗೆದಿದ್ದು ಕಣ್ರೀ" ಎಂದು ಅಪ್ಪ ತಾವಿದ್ದ ಸೊಲ್ಲೆಂಟುನಾದ ಕನ್ನಡದವರಿಗೆಲ್ಲ ಹೇಳಿ, ಆಫೀಸಿನ ಕಾಫಿ ಬಿಡುವಾದ ಫಿಕಾದಲ್ಲಿ ಸ್ವೀಡಿಷರಿಗೂ ಹೇಳಿಯಾಗಿತ್ತು.

ಸ್ಕ್ಯಾನ್ ಮಾಡಲೆಂದು ಬಂದ ಮಗಳು ಚಾರ್ವಿ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಕೆಳಮೂಲೆಯಲ್ಲಿ ಎಷ್ಟೋ ಹಬ್ಬಗಳ ಕುಂಕುಮ ಗಟ್ಟಿಯಾಗಿತ್ತು. ಅದು ಹೋದ ಮೇಲೆ ಅಚ್ಚಿನ ಅಕ್ಷರ ಕಂಡವು: ಯಾವುದೋ ಸ್ಟುಡಿಯೊ, ಮೈಸೂರು, ೧೯೧೪. ಮತ್ತೆ ನೋಡಿದರೆ ಗುಡ್ಡದ ನಡುವೆ ಪರದೆಯ ಮಡಿಕೆ! ಸುಮ್ಮನಿದ್ದರೆ ಓದಿದ್ದೆಲ್ಲ ದಂಡ, ಹೇಳಿದರೆ ಅಪ್ಪನ ಮುಖ ನೋಡುವುದು ಹೇಗೆ?

"ಅಪ್ಪಾ, ಇದು ಯುದ್ಧದಲ್ಲಿ ತೆಗೆದಿದ್ದಲ್ಲ. ಸ್ಟುಡಿಯೊ."

"ಅಯ್ಯೋ, ಕುಂಕುಮ ಒರೆಸಿಬಿಟ್ಯಾ?"

"ಎಲ್ಲರೂ ಹಣೆಗೆ ಇಡ್ತಾರೆ. ನೀವ್ಯಾಕೆ ಮೂಲೆಗೆ ಇಡ್ತೀರಾ?"

"ನಮ್ಮಜ್ಜಿ ಹಾಗೇ ಇಡ್ತಿದ್ರು. ನಾನೂ ಇಟ್ಟೆ, ಯಾಕೆ ಅಂತ ಕೇಳ್ಲಿಲ್ಲ."

ಅವರು ಕನ್ನಡಕ ಏರಿಸಿ ಊರು, ವರ್ಷ ಎರಡನ್ನೂ ಎರಡು ಸಲ ಓದಿದರು. ಸೋಫಾದ ಮೇಲೆ ಕೂತುಬಿಟ್ಟರು. "ಹಾಗಾದ್ರೆ ಇಷ್ಟು ದಿನ ಊರಿಗೆಲ್ಲ ಸುಳ್ಳು ಹೇಳ್ಕೊಂಡು ಬಂದ್ನಾ?"

ಚಾರ್ವಿಗೆ ಅಳು ಬಂತು. "ಯುದ್ಧಕ್ಕೆ ಅಂತ ಹಡಗು ಹತ್ತೋಕೆ ಮುಂಚೆ ತೆಗೆಸಿರ್ತಾರೆ ಅಪ್ಪಾ. ರಣರಂಗದಲ್ಲಿ ಸಾಮಾನ್ಯ ಸವಾರನ ಫೋಟೊ ಯಾರು ತೆಗೀತಿದ್ರು?"

ಅಪ್ಪ ಫೋಟೊ ಎತ್ತಿ, ಕುಂಕುಮವಿದ್ದ ಮೂಲೆಯ ಮೇಲೆ ಬೆರಳಾಡಿಸಿದರು.

"ಅಜ್ಜಿಗೆ ಗೊತ್ತಿತ್ತು ಕಣೆ" ಎಂದರು ಕೊನೆಗೆ. "ಸ್ಟುಡಿಯೊದಲ್ಲೇ ನಿಂತು ನೋಡಿರ್ತಾರೆ. ಆದ್ರೆ ಅವರ ಮಗ, ಅಂದ್ರೆ ನಮ್ಮಪ್ಪ, ತನ್ನ ಅಪ್ಪನ ಮುಖಾನೇ ನೋಡಿರ್ಲಿಲ್ಲ. 'ನಿಮ್ಮಪ್ಪ ಯುದ್ಧದಲ್ಲಿ ನಿಂತಿದಾರೆ ನೋಡು' ಅನ್ನೋಕೆ ಅವರ ಹತ್ರ ಇನ್ನೇನಿತ್ತು?"

"ಶನಿವಾರ ಏನ್ ಹೇಳ್ತೀರಾ?"

"ಅಜ್ಜಿ ಕುಂಕುಮದಲ್ಲಿ ಮುಚ್ಚಿಟ್ಟಿದ್ದನ್ನೇ ಹೇಳ್ತೀನಿ."

ಎದ್ದು ದೇವರ ಮುಂದಿನ ಭರಣಿ ತಂದರು. ಕುಂಕುಮದ ಬೆರಳು ರೂಢಿಯಂತೆ ಮೂಲೆಗೇ ಹೋಗಿ ತಡೆಯಿತು. ಆಮೇಲೆ, ಮೊದಲ ಸಲ, ತಾತನ ಹಣೆಗೆ ಇಟ್ಟರು.