ಗಿರಾಕಿಗೆ ಕೊಡದ ಲಿವರ್

ನಮ್ಮ ಬೀದಿಯ ಮಾಂಸದಂಗಡಿಯಣ್ಣನದು ಒಂದು ಕಟ್ಟುನಿಟ್ಟು. ಕುರಿಯ ಲಿವರಿನಲ್ಲಿ ನೀರುಗುಳ್ಳೆ ಕಂಡರೆ ಅದನ್ನು ಗಿರಾಕಿಗೆ ಕೊಡುತ್ತಿರಲಿಲ್ಲ, ಹಿಂಬಾಗಿಲಿಗೆ ಎಸೆಯುತ್ತಿದ್ದ. ಅಲ್ಲಿ ಅವನ ಸಾಕುನಾಯಿ ಕರಿಯ, ಬಾಯಿ ತೆರೆದುಕೊಂಡು ಕಾದಿರುತ್ತಿತ್ತು. ತಿಂದುಂಡು ಕೊಬ್ಬಿದ ನಾಯಿ. ಅಣ್ಣನ ಪುಟ್ಟ ಮಗಳಿಗೆ ಅದೇ ದಿಂಬು.

ಆ ಮಗುವಿನ ತಾಯಿ ತೀರಿಕೊಂಡು ಹೆಚ್ಚು ದಿನವಾಗಿಲ್ಲ. ಹೊಟ್ಟೆಯೊಳಗೆ ಬೆಳೆದಿದ್ದ ಗುಳ್ಳೆ ಒಡೆಯಿತು. ಆಸ್ಪತ್ರೆ ಸೇರಿದವಳು ಮತ್ತೆ ಮಾತಾಡಲಿಲ್ಲ. ಡಾಕ್ಟರು ಆ ಗುಳ್ಳೆಯ ಚೂರನ್ನು ಪರೀಕ್ಷೆಗೆ ಕಳಿಸಿದರು. ಮನೆಯಲ್ಲಿ ನಾಯಿ ಇದೆ ಎಂದು ತಿಳಿದು ಪಶುವೈದ್ಯೆಗೂ ಹೇಳಿದರು.

ಪಶುವೈದ್ಯೆ ಬಂದಳು. "ಅಣ್ಣಾ, ಕರಿಯನ ಮಲ ಸ್ವಲ್ಪ ಬೇಕಿತ್ತು."

"ತಗೊಂಡ್ಹೋಗಮ್ಮ, ಅದಕ್ಕೇನು ಬರವಿಲ್ಲ. ಆದ್ರೆ ಮೂಕಪ್ರಾಣಿ ಮೇಲೆ ಗೂಬೆ ಕೂರಿಸ್ಬೇಡ. ಮೈ ನೋಡು, ಹೆಂಗೆ ಮಿರಿಮಿರಿ ಅಂತಿದೆ."

"ಈ ಹುಳ ನಾಯೀನ ಸೊರಗಿಸಲ್ಲ ಅಣ್ಣಾ. ಮನುಷ್ಯರನ್ನ ತಿನ್ನುತ್ತೆ."

ಸೂಕ್ಷ್ಮದರ್ಶಕದಲ್ಲಿ ಹುಳದ ಮೊಟ್ಟೆಗಳು ಕಂಡವು. ಪಶುವೈದ್ಯೆ ಮತ್ತೆ ಬಂದು ಅದನ್ನು ಹೇಳಿದಳು.

"ನಾಯಿ ಅಂದ್ಮೇಲೆ ಹುಳ ಇರಲ್ವಾ? ಹುಡುಕಿದ್ರೆ ನನ್ನ ಹೊಟ್ಟೇಲೂ ಸಿಕ್ಕೀತು," ಎಂದ ಅಣ್ಣ.

"ಅದಕ್ಕೇ ಡಿಎನ್‌ಎ ಪರೀಕ್ಷೆಗೆ ಕಳಿಸಿದೀನಿ. ಸಾದಾ ಲಾಡಿಹುಳದ ಮೊಟ್ಟೆ, ಗುಳ್ಳೆ ತರೋ ಹುಳದ ಮೊಟ್ಟೆ, ಎರಡೂ ಕಣ್ಣಿಗೆ ಒಂದೇ ಥರ. ಒಳಗಿನ ತಳಿ ನೋಡಿದ್ರೇನೇ ಗೊತ್ತಾಗೋದು. ಅಲ್ಲೀವರೆಗೆ ಮಗು ನಾಯಿ ಜೊತೆ ಮಲಗೋದು ಬೇಡ."

ಫಲಿತಾಂಶ ಬಂತು. ನಾಯಿಯ ಹುಳ, ತೀರಿಹೋದವಳ ಗುಳ್ಳೆ, ಎರಡೂ ಒಂದೇ ತಳಿ. ಕುರಿಯ ಮೈಯಲ್ಲಿ ಬೆಳೆಯುವ ತಳಿ.

ಅಣ್ಣ ಕತ್ತಿಯನ್ನು ಹಲಗೆಯ ಮೇಲಿಟ್ಟ. "ಹಂಗಾದ್ರೆ ಆ ಲಿವರು..."

"ಹೌದಣ್ಣಾ. ಆ ಗುಳ್ಳೆ ತಿಂದ ನಾಯಿ ಕರುಳಲ್ಲಿ ಹುಳ ಆಗುತ್ತೆ. ಅದರ ಮೊಟ್ಟೆ ಮಲದಲ್ಲಿ ಬರುತ್ತೆ, ಕೂದಲಿಗೂ ಅಂಟುತ್ತೆ. ಅಲ್ಲಿಂದ ನಮ್ಮ ಕೈಗೆ, ಕೈಯಿಂದ ಬಾಯಿಗೆ. ಒಳಗೆ ಹೋಗಿ ಗುಳ್ಳೆ ಆಗುತ್ತೆ, ವರ್ಷಗಟ್ಟಲೆ ಸುಳಿವೇ ಕೊಡಲ್ಲ."

ಅಣ್ಣ ಹಿಂಬಾಗಿಲ ಕಡೆ ನೋಡಿದ. "ಕೆಟ್ಟದ್ದನ್ನ ಊರಿಗೆ ತಿನ್ನಿಸಲಿಲ್ಲ ಅಂತ ಎದೆ ಉಬ್ಬಿಸ್ಕೊಂಡು ಓಡಾಡ್ತಿದ್ದೆ," ಎಂದ. "ನನ್ನ ಮನೆಗೇ ತಿನ್ನಿಸಿದೆ."

ಮಗಳಿಗೂ ಸ್ಕ್ಯಾನ್ ಮಾಡಿಸಿದರು. ಲಿವರಿನಲ್ಲಿ ನಿಂಬೆಕಾಯಿಯಷ್ಟು ಗುಳ್ಳೆಯ ನೆರಳು. ಬೇಗ ಸಿಕ್ಕಿತು ಎನ್ನುವುದೊಂದೇ ಸಮಾಧಾನ. ಮಾತ್ರೆ ನಡೆಯುತ್ತಿದೆ. ಕರಗುತ್ತದೋ, ಕೊಯ್ಯಬೇಕಾಗುತ್ತದೋ, ಡಾಕ್ಟರೂ ಇನ್ನೂ ಹೇಳಿಲ್ಲ.

"ಕರಿಯ ಯಾಕಪ್ಪಾ ಹೊರಗೆ?" ಎಂದು ಮಗು ಕೇಳುತ್ತದೆ. ಅಣ್ಣ ಮಗಳನ್ನು ಬಚ್ಚಲಿಗೆ ಕರೆದೊಯ್ಯುತ್ತಾನೆ. ಸೋಪು ಹಚ್ಚಿ ಅವಳ ಕೈ ತೊಳೆಸುತ್ತಾನೆ. ಗುಳ್ಳೆಯ ಲಿವರನ್ನು ಈಗ ಆಳದ ಗುಂಡಿಯಲ್ಲಿ ಹೂತು, ನಾಯಿ ಕೆದರದಂತೆ ಮೇಲೆ ಕಲ್ಲು ಹೇರುತ್ತಾನೆ. ಕರಿಯನಿಗೆ ಹುಳದ ಮಾತ್ರೆಯನ್ನು ತಾನೇ ನಿಂತು ನುಂಗಿಸುತ್ತಾನೆ.

ಓದುತ್ತಿರುವ ತಾಯಂದಿರೇ, ಅಣ್ಣಂದಿರೇ, ನಾಯಿಯನ್ನು ಹೊಡೆದು ಓಡಿಸಬೇಡಿ. ಅದು ನೀವು ಹಾಕಿದ್ದನ್ನು ತಿಂದಿತು, ಅಷ್ಟೆ. ಹಸಿ ಲಿವರು, ಶ್ವಾಸಕೋಶ ಹಾಕಬೇಡಿ. ಪಶುವೈದ್ಯರು ಹೇಳಿದ ಹೊತ್ತಿಗೆ ಹುಳದ ಮಾತ್ರೆ ಕೊಡಿಸಿ. ಮಲದ ಪರೀಕ್ಷೆ ಕೇಳಿದರೆ ನಗಬೇಡಿ, ಕೊಡಿ. ನಾಯಿ ಮುಟ್ಟಿದ ಕೈಯನ್ನು ಉಣ್ಣುವ ಮೊದಲು ತೊಳೆಯಿರಿ. ಬೇಡದ್ದನ್ನು ಬೆನ್ನ ಹಿಂದೆ ಎಸೆಯುವಾಗ, ಒಮ್ಮೆ ತಿರುಗಿ ನೋಡಿ. ಅದು ಯಾರ ಬಾಯಿಗೆ ಬಿತ್ತು?