ಆರನೇ ಸುತ್ತಿಗೆ ನಿಲ್ಲುವ ಟ್ರ್ಯಾಕ್ಟರ್

ಹಿಂಗಾರಿ ಬಿತ್ತನೆಯಲ್ಲಿ ನೆಲದ ಹದ ಯಾರಿಗೂ ಕಾಯುವುದಿಲ್ಲ. ಎರೆ ಹೊಲ ಇವತ್ತು ಬೆಣ್ಣೆಯ ಹಾಗಿರುತ್ತದೆ, ನಾಲ್ಕು ದಿನ ಬಿಸಿಲು ಬಿದ್ದರೆ ಬಿರುಕು ಬಿಡುತ್ತದೆ. ಇಂಥ ಹೊತ್ತಿನಲ್ಲೇ ಗಬ್ಬೂರಿನ ಯಂಕೋಬನ ಟ್ರ್ಯಾಕ್ಟರ್ ಹಟ ಹಿಡಿದಿತ್ತು.

ಅದು ಎಂಬತ್ತೆರಡನೇ ಇಸವಿ, ದಸರಾ ಮುಗಿದು ಮೂರನೇ ದಿನ. ಟ್ರ್ಯಾಕ್ಟರ್ ಹೊಸದೇನಲ್ಲ. ಮಾನ್ವಿಯ ಸಾಹುಕಾರರೊಬ್ಬರು ಹತ್ತು ವರ್ಷ ದುಡಿಸಿ ಬಿಟ್ಟದ್ದನ್ನು ಯಂಕೋಬ ತನ್ನ ಎತ್ತುಗಳನ್ನು ಮಾರಿ ಕೊಂಡು ತಂದಿದ್ದ. ಈಗ ಕೊಟ್ಟಿಗೆಯಲ್ಲಿ ಎತ್ತಿಲ್ಲ, ಹೊಲದಲ್ಲಿ ಟ್ರ್ಯಾಕ್ಟರ್ ನೆಟ್ಟಗೆ ಓಡುತ್ತಿಲ್ಲ. ಎಂಟು ಎಕರೆ ಜೋಳ ಬಿತ್ತುವುದು ಬಾಕಿ. ಬಿತ್ತದಿದ್ದರೆ ವರ್ಷವಿಡೀ ರೊಟ್ಟಿಗೆ ಜೋಳ ಎಲ್ಲಿಂದ ಬರಬೇಕು? ಯಂಕೋಬನ ಹೆಂಡತಿ ಬೂದೆಮ್ಮನಿಗೆ ಅದೊಂದೇ ಚಿಂತೆ.

ಟ್ರ್ಯಾಕ್ಟರ್ ಚೆನ್ನಾಗಿಯೇ ಚಾಲೂ ಆಗುತ್ತಿತ್ತು. ಬಿತ್ತಲು ಹೊರಟರೆ ಅರ್ಧ ತಾಸು ಓಡಿ ಗಕ್ಕನೆ ನಿಲ್ಲುತ್ತಿತ್ತು. ಯಂಕೋಬ ಇಳಿದು ಅದರ ಏಳು ತಲೆಮಾರಿಗೆ ಬೈಯುತ್ತ, ಡೀಸೆಲ್ ಟಾಕಿಯ ಮುಚ್ಚಳ ತೆಗೆದು, ಕಡ್ಡಿ ಅದ್ದಿ ನೋಡಿ ಮತ್ತೆ ಮುಚ್ಚುತ್ತಿದ್ದ. ಡೀಸೆಲ್ ಬೇಕಾದಷ್ಟು ಇರುತ್ತಿತ್ತು. ಆಮೇಲೆ ಚಾಲೂ ಮಾಡಿದರೆ ಏಳುತ್ತಿತ್ತು, ಅರ್ಧ ತಾಸಿಗೆ ಮತ್ತೆ ಅದೇ ಹಾಡು.

"ದೃಷ್ಟಿ ತಾಕ್ಯದ. ಊರ ಮಂದಿ ಕಣ್ಣೆಲ್ಲಾ ನಿನ್ನ ಗಾಡಿ ಮ್ಯಾಲೇ ಅದ" ಎಂದ ಪಕ್ಕದ ಹೊಲದ ಮೌನಪ್ಪ.

"ದೃಷ್ಟಿ ಅಲ್ಲೋ, ಡೀಸೆಲ್ ಪಂಪ್ ಹೋಗ್ಯದ. ನಾಳಿಗಿ ಬಿಚ್ಚಿ ರಾಯಚೂರಿಗಿ ಒಯ್ತೀನಿ" ಎಂದ ಯಂಕೋಬ.

"ಒಯ್ದರ ಯಾವಾಗ ಬರ್ತದ?" ಬೂದೆಮ್ಮ ಕೇಳಿದಳು.

"ನಾಲ್ಕು ದಿನ. ಐದಾದ್ರೂ ಆತು."

"ಅಷ್ಟೊತ್ತಿಗಿ ಹದ ಹಾರಿ ಹೋಗ್ತದಲ್ಲಾ! ಬಿಚ್ಚೋಕಿಂತ ಮೊದ್ಲ ಕವಿತಾಳದ ದಸ್ತಗೀರಣ್ಣಗ ತೋರ್ಸು. ಒಂದು ದಿನದಾಗ ಏನೂ ಮುಳುಗಂಗಿಲ್ಲ."

ಗುಲಾಮ್ ದಸ್ತಗೀರ್ ಕವಿತಾಳದಲ್ಲಿ ಇಪ್ಪತ್ತು ವರ್ಷಗಳಿಂದ ಎಂಜಿನ್ ರಿಪೇರಿ ಮಾಡುವವನು. ಹೇಳಿ ಕಳಿಸಿದ್ದಕ್ಕೆ ಮರುದಿನ ಮೊದಲ ಬಸ್ಸಿಗೇ ಬಂದಿಳಿದ. ಕೈಯಲ್ಲಿದ್ದದ್ದು ನಟ್ಟು ತಿರುವುವ ಎರಡು ಪಾನಾ, ಒಂದು ಬಟ್ಟೆ ತುಂಡು, ಅಷ್ಟೇ.

"ಪಂಪ್ ಬಿಚ್ಚಾಕ ಸಾಮಾನು ತಂದಿಲ್ಲೇನು?" ಯಂಕೋಬ ಮುಖ ಸಣ್ಣಗೆ ಮಾಡಿದ.

"ಅರೆ ಭಾಯಿ, ನೆಗಡಿ ಬಂತಂತ ಮೂಗು ಕೊಯ್ಕೊಂತಾರೇನು? ಕಾಲುವಿ ನೀರು ಹೊಲಕ್ಕ ಬರಲಿಲ್ಲಂದ್ರ ಮೊದ್ಲ ತೂಬು ನೋಡ್ತಿ, ಹೌದಿಲ್ಲೋ? ಇದೂ ಹಂಗ. ಡೀಸೆಲ್ ಟಾಕಿಯಿಂದ ಇಳೀತದ, ಫಿಲ್ಟರಿನಾಗ ಸೋಸ್ತದ, ಆಮ್ಯಾಲ ಪಂಪಿಗಿ ಹೋಗ್ತದ. ನಾವೂ ಮ್ಯಾಲಿಂದ ನೋಡ್ಕೊಂತ ಬರೋಣು. ಪಂಪ್ ಕಟ್ಟಕಡೀಕ. ಮೊದ್ಲ ನಿನ್ನ ಬೀಡಿ ಆರ್ಸು, ಹೊಲ ಬಿತ್ತೋ ಮೊದ್ಲ ಮೀಸಿ ಸುಟ್ಟೀತು."

ಯಂಕೋಬ ಬೀಡಿಯನ್ನು ಹೊಸಕಿ ಹಾಕಿದ. ದಸ್ತಗೀರ್ ಟಾಕಿಯ ಕೆಳಗಿನ ಗಾಜಿನ ಬಟ್ಟಲು ಬಿಚ್ಚಿ ಬೆಳಕಿಗೆ ಹಿಡಿದ. ತಳದಲ್ಲಿ ಒಂದು ಬೆರಳು ನೀರು, ಅದರ ಕೆಳಗೆ ಕೆಸರು.

"ಡೀಸೆಲ್ ಪೀಪಾಯಿ ಎಲ್ಲಿ ಇಟ್ಟೀರಿ?"

"ಅಂಗಳದಾಗ, ಬಯಲಿಗಿ" ಎಂದಳು ಬೂದೆಮ್ಮ.

"ನೆರಳಿಗಿ ಇಡ್ರಿ, ಬಾಯಿ ಗಟ್ಟಿ ಮುಚ್ರಿ. ತಳದ ನಾಲ್ಕು ಬೆರಳು ಡೀಸೆಲ್ ಟಾಕಿಗಿ ಹಾಕಬ್ಯಾಡ್ರಿ. ದಪ್ಪ ಬಟ್ಟಿಲೆ ಸೋಸಿ ಹಾಕ್ರಿ. ಮತ್ತ ಟಾಕಿ ತುಂಬೋದು ಮುಂಜಾನಿ ಅಲ್ಲ, ಸಂಜೀಕ, ಕೆಲಸ ಮುಗದ ಮ್ಯಾಲ. ಖಾಲಿ ಟಾಕಿ ತಂಪಿಗಿ ಒಳಗ ಬೆವರ್ತದ. ಆ ಬೆವರೇ ಈ ನೀರು."

ಬಟ್ಟಲು ತೊಳೆದು ಕೂಡಿಸಿದ ಮೇಲೆ ಫಿಲ್ಟರಿನ ನೆತ್ತಿಯ ತಿರುಪನ್ನು ಸಡಿಲಿಸಿ, ಪಕ್ಕದ ಸಣ್ಣ ಕೈಪಂಪನ್ನು ಒತ್ತಲು ಯಂಕೋಬನಿಗೆ ಹೇಳಿದ. ಮೊದಲು ಮಜ್ಜಿಗೆಯ ಹಾಗೆ ನೊರೆ ಬಂತು. ನೊರೆ ನಿಂತು ಬರೀ ಡೀಸೆಲ್ ಬರುವವರೆಗೆ ಒತ್ತಿಸಿ ತಿರುಪು ಬಿಗಿದ. ಪೈಪಿನಲ್ಲಿ ಗಾಳಿ ಹೊಕ್ಕರೆ ಎಂಥ ಎಂಜಿನ್ನೂ ಮುಗ್ಗರಿಸುತ್ತದೆ, ಅದನ್ನು ಹೀಗೆ ಹೊರಗೆ ಹಾಕಬೇಕು ಎಂದು ಬಿಡಿಸಿ ಹೇಳಿದ.

ಬಿತ್ತನೆ ಮತ್ತೆ ಶುರುವಾಯಿತು. ಯಂಕೋಬ ಟ್ರ್ಯಾಕ್ಟರ್ ಮೇಲೆ, ಹಿಂದೆ ಕಟ್ಟಿದ ಬಿತ್ತುವ ಕೂರಿಗೆಯ ಹಲಗೆಯ ಮೇಲೆ ಬೂದೆಮ್ಮ. ಉಡಿಯಲ್ಲಿ ಬೀಜ ಕಟ್ಟಿಕೊಂಡು ಹಿಡಿಹಿಡಿಯಾಗಿ ಕೂರಿಗೆಯ ಬಟ್ಟಲಿಗೆ ಬಿಡುವುದು ಅವಳ ಕೆಲಸ. ಟ್ರ್ಯಾಕ್ಟರ್ ಓಡಿತು, ಓಡಿತು, ಮತ್ತೆ ನಿಂತಿತು.

"ನಾ ಬಡ್ಕೊಂಡಿಲ್ಲೇನು? ಪಂಪೇ!" ಯಂಕೋಬ ಧುಮುಕಿ ಇಳಿದ. ದಸ್ತಗೀರ್ ಕೂಡ ಗಡ್ಡ ಕೆರೆಯುತ್ತ ನಿಂತ. ಬೂದೆಮ್ಮ ಹಲಗೆಯಿಂದ ಇಳಿದು ಬಂದಳು. ನಿನ್ನೆಯಿಂದ ಮನಸ್ಸಿನಲ್ಲಿ ಕೊರೆಯುತ್ತಿದ್ದ ಮಾತನ್ನು ಇನ್ನು ಹಿಡಿದಿಡಲು ಅವಳಿಗೆ ಆಗಲಿಲ್ಲ.

"ಅಣ್ಣಾ, ಒಂದು ಸುತ್ತಿಗಿ ನನಗ ಒಂದು ಉಡಿ ಬೀಜ ಬೇಕು. ನಿನ್ನಿಯಿಂದ ಎಷ್ಟು ಸಲ ನಿಂತದೋ ಅಷ್ಟೂ ಸಲ ಆರನೇ ಉಡಿ ತೀರೋ ಹೊತ್ತಿಗೇ ನಿಂತದ. ಈಗ್ಲೂ ಆರನೇದೇ."

"ಸುಮ್ನಿರು ಬೇ. ಉಡಿಗೂ ಎಂಜಿನ್ನಿಗೂ ಏನ್ ಸಂಬಂಧ?" ಯಂಕೋಬ ಗದರಿಸಿದ.

ದಸ್ತಗೀರ್ ಮಾತ್ರ ಕಣ್ಣರಳಿಸಿದ. "ಸಂಬಂಧ ಅದ ಭಾಯಿ. ಪಂಪ್ ಕೆಟ್ರ ಸುತ್ತು ಎಣಿಸಿ ನಿಲ್ಲಂಗಿಲ್ಲ. ನಿಂತಾಗೆಲ್ಲ ನೀ ಏನ್ ಮಾಡ್ತಿ?"

"ಮುಚ್ಚಳ ತೆಗೆದು ಕಡ್ಡಿ ಅದ್ತೀನಿ."

"ಬೈಕೊಂತ?"

"ಹ್ಞೂಂ... ಬೈಕೊಂತ."

"ಈಗ ಬಾಯಿ ಮುಚ್ಕೊಂಡು ಕಿವಿ ಕೊಡು. ಅಕ್ಕಾ, ನೀನೂ ಬಾ."

ಅವನು ಮುಚ್ಚಳವನ್ನು ಮೆಲ್ಲಗೆ ತಿರುಗಿಸಿದ. 'ಸುಸ್ಸ್' ಎಂದು ಸದ್ದಾಯಿತು. ಮೂವರಿಗೂ ಕೇಳಿಸಿತು.

"ಟಾಕಿ ಗಾಳಿ ಎಳ್ಕೊಂತು ನೋಡ್ರಿ. ಎಣ್ಣಿ ಡಬ್ಬಿಗಿ ಒಂದೇ ತೂತು ಹೊಡದ್ರ ಎಣ್ಣಿ ಬೀಳ್ತದೇನು? ಗಾಳಿಗಿ ಇನ್ನೊಂದು ಹೊಡೀಬೇಕು. ಟಾಕಿಗಿ ಆ ಇನ್ನೊಂದು ತೂತು ಈ ಮುಚ್ಚಳದಾಗ ಇರ್ತದ. ಆ ತೂತು ಮುಚ್ಚಿದ್ರ ಅರ್ಧ ತಾಸಿಗಿ ಡೀಸೆಲ್ ಇಳಿಯೋದು ನಿಲ್ತದ. ನೀ ಕಡ್ಡಿ ಅದ್ದಾಕ ತೆಗದಾಗ ಗಾಳಿ ಒಳಗ ಹೋಗ್ತಿತ್ತು, ಅದಕ್ಕ ಮತ್ತ ಏಳ್ತಿತ್ತು."

ಅವನು ಮುಚ್ಚಳವನ್ನು ಮುಂದೆ ಹಿಡಿದ. ಅದರ ಮೇಲೆ ಎಣ್ಣೆಯಲ್ಲಿ ಕಲಸಿದ ಅರಿಶಿನ ಕುಂಕುಮ ಒಣಗಿ ಗಟ್ಟಿಯಾಗಿ ಕೂತಿತ್ತು. ಬೂದೆಮ್ಮನ ಕಣ್ಣಲ್ಲಿ ನೀರು ಬಂತು. ಆಯುಧ ಪೂಜೆಯ ದಿನ ಹಚ್ಚಿದವಳು ಅವಳೇ. ದುಂಡಗಿನ ಆ ಮುಚ್ಚಳವೇ ಗಾಡಿಯ ಹಣೆಯೆಂದು ತಿಳಿದು ಎರಡು ಸಲ ಬಳಿದಿದ್ದಳು.

"ನನ್ನ ಕೈಲೇ ಆತಲ್ಲೋ ಯಣ್ಣಾ."

"ತಿಳೀದ ಮಾಡಿದ್ದು ತಪ್ಪಲ್ಲವ್ವಾ. ಆದ್ರ ಪೂಜಿ ಕುಂಕುಮ, ನಿಮ್ಮ ಕೈಲೇ ತೆಗೀರಿ" ಎಂದು ಮುಚ್ಚಳವನ್ನು ಅವಳ ಕೈಗೆ ಕೊಟ್ಟ.

ಯಂಕೋಬ ಅನುಮಾನಿಸಿದ. "ಹಬ್ಬ ಮುಗದು ವಾರ ಆಗಿಲ್ಲ. ಕೆರದ್ರ ಅಪಶಕುನ ಅಲ್ಲೇನು?"

"ಹದ ಹೋದ ಮ್ಯಾಲ ಬರಿಗೈಲೆ ಕೂಡ್ತೀವಲ್ಲ, ಅದ್ಯಾವ ಶಕುನ?" ಎಂದಳು ಬೂದೆಮ್ಮ. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ತೂತು ಬಿಡಿಸಿದಳು. ಡೀಸೆಲಿನಲ್ಲಿ ತೊಳೆದು, ಒರೆಸಿ, ಆಕಾಶಕ್ಕೆ ಹಿಡಿದು ನೋಡಿದಳು. ಸೂಜಿ ಮೊನೆಯಷ್ಟು ಬೆಳಕು ಕಂಡಿತು.

ಟ್ರ್ಯಾಕ್ಟರ್ ಹೊರಟಿತು. ಬೂದೆಮ್ಮ ಆರನೇ ಉಡಿ ಕಟ್ಟಿಕೊಂಡಳು. ಯಂಕೋಬ ಹಿಂತಿರುಗಿ ಅವಳ ಮುಖ ನೋಡಿದ. ಆರನೇ ಸುತ್ತು ಮುಗಿಯಿತು. ಏಳನೆಯದು, ಎಂಟನೆಯದು. ಬದುವಿನ ಮೇಲೆ ಕೂತ ದಸ್ತಗೀರ್ ರೊಟ್ಟಿ ಬುತ್ತಿ ಬಿಚ್ಚಿದ. ಮರುದಿನ ಹೊತ್ತು ಮುಳುಗುವ ಮೊದಲು ಎಂಟೂ ಎಕರೆ ಬಿತ್ತಿ ಮುಗಿಯಿತು.

"ಪಂಪ್ ಪಂಪ್ ಅಂತ ಕುಣದೆ. ಆಕಿ ಮಾತು ಮೊದ್ಲೇ ಕೇಳಬೇಕಿತ್ತು" ಎಂದು ಯಂಕೋಬ ಮೌನಪ್ಪನ ಮುಂದೆ ಬಾಯಿಬಿಟ್ಟು ಒಪ್ಪಿಕೊಂಡ. ಬೂದೆಮ್ಮ ಕೇಳಿಯೂ ಕೇಳದವಳಂತೆ ಖಾಲಿ ಚೀಲ ಕೊಡವಿದಳು. ಆದರೆ ಅವಳಿಗೆ ತುಂಬಾ ಖುಷಿಯಾಯಿತು.

ರೈತ ಬಂಧುಗಳೇ, ನಿಮ್ಮ ಮನೆಯಲ್ಲೂ ಹಳೆಯ ಟ್ರ್ಯಾಕ್ಟರ್ ಇದೆಯೇ? ಅದು ನಿಂತರೆ ಮೊದಲೇ ಪಂಪಿಗೆ ಪಾನಾ ಹಚ್ಚಬೇಡಿ. ಮುಚ್ಚಳದ ತೂತು ನೋಡಿ, ಗಾಜಿನ ಬಟ್ಟಲಿನ ನೀರು ಚೆಲ್ಲಿ, ಫಿಲ್ಟರ್ ನೋಡಿ, ಪೈಪಿನ ಗಾಳಿ ತೆಗೆಯಿರಿ. ಇಷ್ಟಕ್ಕೂ ಸರಿಹೋಗದಿದ್ದರೆ ಮಾತ್ರ ಪಂಪು, ಅದನ್ನೂ ಬಲ್ಲವರ ಕೈಯಿಂದಲೇ ಬಿಚ್ಚಿಸಿ. ಎಷ್ಟು ಹೊತ್ತಿಗೆ ನಿಂತಿತು, ಹೇಗೆ ನಿಂತಿತು ಎಂದು ಜೊತೆಗೆ ದುಡಿಯುವ ಹೆಣ್ಣುಮಕ್ಕಳನ್ನು ಕೇಳಿ. ಪೂಜೆ ಖಂಡಿತ ಮಾಡಿ, ಕುಂಕುಮವನ್ನು ಗಾಡಿಯ ಮುಂದಿನ ತಗಡಿಗೆ ಹಚ್ಚಿ. ಹದ ಬಂದ ದಿನ ನೋಡೋಣ ಎಂದು ಕೂರಬೇಡಿ. ಈಗಲೇ ಎದ್ದು ಹೋಗಿ, ನಿಮ್ಮ ಟಾಕಿಯ ಮುಚ್ಚಳವನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿ ಬನ್ನಿ.