ಬಿಸಿ ಚಹಾ ಸುರಿದರೆ ಐಸು ಬೇಯುತ್ತದೆಯೇ?

ಮಳೆ ನಿಂತು ಸೆಕೆ ಏರಿದರೆ ಸಾಕು, ನಮ್ಮ ತಾಂಬಾಕ್‌ರೆಜೊ ಬಂದರಿನಲ್ಲಿ ಮಕ್ಕಳಿಗೆ ಭೇದಿ ಶುರು. ಒಂದು ಮನೆಯಲ್ಲಿ ಹೊಟ್ಟೆ ಹಿಡಿದು ಮುದುಡಿ ಮಲಗಿದ ಹುಡುಗಿ, ಪಕ್ಕದ ಮನೆಯಲ್ಲಿ ವಾಂತಿ ಮಾಡುವ ಮಗು. ನಾವು ಏನು ಮಾಡುತ್ತೇವೆ? ಮೈಯೊಳಗೆ ಗಾಳಿ ಹೊಕ್ಕಿದೆ ಅನ್ನುತ್ತೇವೆ. ಎಣ್ಣೆ ಸವರಿ, ಬೆನ್ನು ಕೆಂಪಾಗುವ ತನಕ ನಾಣ್ಯದಿಂದ ಗೀಚುತ್ತೇವೆ. ಗಾಳಿಯನ್ನು ಬೈಯುತ್ತೇವೆ, ಮೆಣಸಿನ ಚಟ್ನಿಯನ್ನು ಬೈಯುತ್ತೇವೆ. ಕೈಯಲ್ಲಿರುವ ಗ್ಲಾಸನ್ನು ಮಾತ್ರ ಯಾರೂ ನೋಡುವುದಿಲ್ಲ.

ಅದನ್ನು ನೋಡಿದ್ದು ನಮ್ಮ ಶಾಲೆಯ ಎಂಟನೇ ತರಗತಿಯ ಮಕ್ಕಳು. ನೋಡಿದ್ದಕ್ಕೆ ಅವರಿಗೆ ಸಿಕ್ಕ ಮರ್ಯಾದೆ ಎಂಥದ್ದು ಅಂತ ಕೇಳಿದರೆ ನಿಮಗೂ ಮೈ ಉರಿಯುತ್ತದೆ.

ಶಾಲೆಯ ಗೇಟಿನ ಮುಂದೆ ಐಸ್ ಚಹಾ ಮಾರುವವಳು ಊರಿಗೆಲ್ಲ ಬು ತರ್ಮಿ, ಅಂದರೆ ತರ್ಮಿ ಅಮ್ಮ, ನನಗೆ ಬರೀ ತರ್ಮಿ. ಅವಳ ಪಕ್ಕದಲ್ಲೇ ನನ್ನ ಕರಿದ ತೋಫುವಿನ ಗಾಡಿ. ಹನ್ನೊಂದು ವರ್ಷದಿಂದ ಇಬ್ಬರೂ ಒಂದೇ ಮರದ ನೆರಳು ಹಂಚಿಕೊಂಡಿದ್ದೇವೆ. ತನ್ನ ನೀರಿನ ಬಗ್ಗೆ ತರ್ಮಿಗೆ ಬಲು ಜಂಭ. ನಮ್ಮಲ್ಲಿ ಕುದಿಸಿದ ನೀರಿಗೆ ಬೆಂದ ನೀರು, ಕುದಿಸದ್ದಕ್ಕೆ ಹಸಿ ನೀರು ಅನ್ನುತ್ತೇವೆ. ಮನೆಗೆ ಬಂದವರಿಗೆ ಹಸಿ ನೀರು ಕೊಟ್ಟಳು ಅಂತ ಯಾರ ಬಗ್ಗೆಯಾದರೂ ಹೇಳಿ ನೋಡಿ, ಜಗಳವೇ ಆಗುತ್ತದೆ. ಆದರೆ ಐಸಿಗೆ ಈ ಭೇದವಿಲ್ಲ. ಐಸು ಅಂದರೆ ಐಸು, ಅಷ್ಟೇ. ಯಾರಾದರೂ ತುಸು ಅನುಮಾನಪಟ್ಟರೆ ತರ್ಮಿಯ ಉತ್ತರ ಸಿದ್ಧ: ಸುಡು ಸುಡು ಚಹಾ ಸುರಿಯುತ್ತೇನಲ್ಲ, ಐಸು ಅಲ್ಲೇ ಬೇಯುತ್ತದೆ. ನಾನೂ ಅದನ್ನೇ ನಂಬಿದ್ದೆ. ಊರೂ ನಂಬಿತ್ತು.

ಶಾಲೆಯ ವಿಜ್ಞಾನದ ಮೇಷ್ಟ್ರು ಪಾಕ್ ಲುಕಿತೊ (ಗಂಡಸರನ್ನು ಗೌರವದಿಂದ ನಾವು ಪಾಕ್ ಅನ್ನುತ್ತೇವೆ) ಪಾಠ ಓದಿಸಿ ಸುಮ್ಮನಾಗುವ ಪೈಕಿ ಅಲ್ಲ. ನಿಮ್ಮ ಮನೆಯಲ್ಲಿ ಎಲ್ಲರೂ ನಂಬುವ ಒಂದು ಮಾತು ಹುಡುಕಿ, ನಿಜವೋ ಅಲ್ಲವೋ ಅಳೆದು ನೋಡಿ, ಕಂಡದ್ದನ್ನು ತರಗತಿಯ ಬ್ಲಾಗಿನಲ್ಲಿ ಬರೆಯಿರಿ ಅಂತ ಮಕ್ಕಳಿಗೆ ಹೇಳಿದರು. ಬ್ಲಾಗು ಅಂದರೆ ಮೊಬೈಲಿನಲ್ಲಿ ಯಾರು ಬೇಕಾದರೂ ತೆರೆದು ಓದಬಹುದಾದ ನೋಟ್‌ಬುಕ್ ಇದ್ದ ಹಾಗೆ. ಹೇಗೆ ಅಳೆದಿರಿ ಅನ್ನುವುದನ್ನೂ ಬರೆಯಬೇಕು, ಓದಿದವರು ಹಾಗೇ ಮಾಡಿ ನಿಮ್ಮ ತಪ್ಪು ಹಿಡಿಯುವಂತಿರಬೇಕು ಅನ್ನುವುದು ಮೇಷ್ಟ್ರ ಕಟ್ಟುನಿಟ್ಟು.

ತರ್ಮಿಯ ಮಗಳು ವೆನಿಂಗ್ ಆರಿಸಿಕೊಂಡದ್ದು ಅಮ್ಮನ ಮಾತನ್ನೇ. ಅವಳೂ ಮೂವರು ಗೆಳತಿಯರೂ ಐಸು ತುಂಬಿದ ಗ್ಲಾಸಿಗೆ ಬಿಸಿ ಚಹಾ ಸುರಿದು ಥರ್ಮಾಮೀಟರ್ ಇಳಿಬಿಟ್ಟರು. ಸುರಿಯುವಾಗ ಎಂಬತ್ತನಾಲ್ಕು ಡಿಗ್ರಿ ಇದ್ದ ಚಹಾ ಮೂರು ನಿಮಿಷದಲ್ಲಿ ಏಳಕ್ಕೆ ಇಳಿಯಿತು. ಐಸು ಇನ್ನೂ ತೇಲುತ್ತಲೇ ಇತ್ತು. ಹತ್ತು ಸಲ ಮಾಡಿದರು, ಹತ್ತು ಸಲವೂ ಹೆಚ್ಚುಕಡಿಮೆ ಅಷ್ಟೇ.

ಆಮೇಲೆ ನಾವು ಸಿಹಿ ಮಾಡುವ ಅಗರ್ ಪುಡಿಯನ್ನು ಸಾರಿನ ಜೊತೆ ಕುದಿಸಿ, ಮುಚ್ಚಳದ ಡಬ್ಬಿಗಳಲ್ಲಿ ಹೆಪ್ಪುಗಟ್ಟಿಸಿದರು. ಐದು ಡಬ್ಬಿಗೆ ಕರಗಿದ ಐಸಿನ ಹನಿ, ಐದಕ್ಕೆ ಕುದಿಸಿ ಆರಿಸಿದ ನೀರಿನ ಹನಿ. ಟೇಪು ಸುತ್ತಿ ಬಿಗಿದು, ಯಾರೂ ತೆರೆಯಕೂಡದು ಅಂತ ಮೇಷ್ಟ್ರು ತಾಕೀತು ಮಾಡಿದರು. ಮೂರನೇ ದಿನ ಐಸಿನ ಡಬ್ಬಿಗಳ ತುಂಬ ಬಿಳಿ, ಹಳದಿ ಚುಕ್ಕೆ. ಬೆಂದ ನೀರಿನವು ನಾಲ್ಕು ಸ್ವಚ್ಛ, ಒಂದರಲ್ಲಿ ಎರಡೇ ಚುಕ್ಕೆ. ಆ ಎರಡು ಚುಕ್ಕೆಯನ್ನೂ ಹುಡುಗಿ ಮುಚ್ಚಿಡದೆ ಬರೆದಳು. ಚುಕ್ಕೆಗಳೆಲ್ಲ ರೋಗ ತರುವ ಕ್ರಿಮಿಗಳೇ ಅಂತ ನಮಗೆ ಗೊತ್ತಿಲ್ಲ, ಆದರೆ ಐಸಿನಲ್ಲಿ ಜೀವ ಇತ್ತು, ಐಸು ಬೆಂದಿರಲಿಲ್ಲ ಅಂತ ಬರೆದಳು. ಕೊನೆಗೆ ಒಂದು ಫೋಟೋ. ಅದರ ಕೆಳಗೆ, "ಇದು ನನ್ನ ಅಮ್ಮನ ಅಂಗಡಿಯ ಐಸು. ನಾನೂ ದಿನಾ ಇದನ್ನೇ ಕುಡಿಯುತ್ತೇನೆ." ಬೇರೆ ಯಾರ ಹೆಸರೂ ಇಲ್ಲ.

ಎರಡೇ ದಿನಕ್ಕೆ ಅದು ಮೊಬೈಲಿನಿಂದ ಮೊಬೈಲಿಗೆ ಹಾರಿತು, ಊರೆಲ್ಲ ಓದಿತು. ಅಂಗಡಿಗಳಿಗೆ ಐಸು ಹಾಕುವವರು ಪಾಕ್ ಸುಗೊಂಡೊ. ಶಾಲೆಯ ಸಮಿತಿಯಲ್ಲೂ ಅವರಿದ್ದಾರೆ. ಮರುದಿನವೇ ಹೆಡ್ ಮಾಸ್ಟರು ವೆನಿಂಗ್‌ಳನ್ನು ಕರೆಸಿದರು. ಬರೆದದ್ದನ್ನು ಅಳಿಸಬೇಕು, "ನಾನು ಬರೆದದ್ದು ಸುಳ್ಳು, ಕ್ಷಮಿಸಿ" ಅನ್ನುವ ಕಾಗದಕ್ಕೆ ಸೋಮವಾರ ಸಹಿ ಹಾಕಬೇಕು, ಇಲ್ಲವಾದರೆ ಇಡೀ ತರಗತಿಯ ಬ್ಲಾಗು ಬಂದ್. ಹತ್ತು ಸಲ ಅಳೆದ ಮಕ್ಕಳು ಸುಳ್ಳರಂತೆ. ಈ ದೊಡ್ಡವರಲ್ಲಿ ಒಬ್ಬರಾದರೂ ಒಂದು ಸಲ ಥರ್ಮಾಮೀಟರ್ ಮುಟ್ಟಿದ್ದರೇ?

ನಿಜ ಹೇಳಬೇಕೆಂದರೆ ಮೊದಲು ಉರಿದುಬಿದ್ದವಳು ತರ್ಮಿಯೇ. ಗಿರಾಕಿಗಳು ಗ್ಲಾಸನ್ನು ಬೆಳಕಿಗೆ ಹಿಡಿದು, ಇವತ್ತು ಚುಕ್ಕೆ ಎಷ್ಟಿದೆ ಬು ಅಂತ ಹಂಗಿಸುತ್ತಿದ್ದರು. ಆ ಸಂಜೆ ಅವಳು ನನ್ನೆದುರೇ ಮಗಳ ಮೇಲೆ ಹರಿಹಾಯ್ದಳು.

"ಸಹಿ ಹಾಕಿ ಬಾ. ಊರಿಗೆ ತೋರ್ಸೋಕೆ ಹೆತ್ತ ತಾಯಿ ಗ್ಲಾಸೇ ಸಿಕ್ತಾ ನಿಂಗೆ?"

"ಬೇರೆಯವ್ರ ಗ್ಲಾಸ್ ತೋರ್ಸಿದ್ರೆ ಚಾಡಿ ಆಗ್ತಿತ್ತಮ್ಮ."

"ಬಿಸಿ ಚಹಾ ಸುರೀತೀನಿ ಕಣೇ. ಬೇಯುತ್ತೆ."

ಹುಡುಗಿ ವಾದ ಮಾಡಲಿಲ್ಲ. ಡಬ್ಬದಿಂದ ಒಂದು ಹಿಡಿ ಅಕ್ಕಿ ತಂದು ಗ್ಲಾಸಿಗೆ ಹಾಕಿ, ಅದರ ಮೇಲೆ ಬಿಸಿ ಚಹಾ ಸುರಿದು ಅಮ್ಮನ ಮುಂದಿಟ್ಟಳು. "ಇದೂ ಬೆಂದಿರ್ಬೇಕಲ್ಲಮ್ಮ. ಊಟ ಮಾಡು."

ನನಗೆ ನಗು ಬಂತು. ತರ್ಮಿಗೆ ಬರಲಿಲ್ಲ. ಎರಡು ಕಾಳು ತೆಗೆದು ಬೆರಳಲ್ಲಿ ಹಿಚುಕಿ ನೋಡಿದಳು. ಅಕ್ಕಿಯೇ ಬೇರೆ ಐಸೇ ಬೇರೆ ಅಂತ ಗೊಣಗಿದಳು, ಆದರೆ ದನಿಯಲ್ಲಿ ಮೊದಲಿನ ಕಸುವಿರಲಿಲ್ಲ.

ಮರುದಿನ ಬೆಳಿಗ್ಗೆ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದರಿನ ಐಸಿನ ಶೆಡ್ಡಿಗೆ ಹೋದಳು. ಇಷ್ಟು ವರ್ಷದಲ್ಲಿ ಅದೇ ಮೊದಲು. ಮೀನಿನ ಬುಟ್ಟಿ ತೊಳೆಯುವ ನೆಲದ ಮೇಲೇ ಐಸಿನ ದಿಮ್ಮಿಗಳನ್ನು ಕೊಕ್ಕೆಯಲ್ಲಿ ಎಳೆಯುತ್ತಿದ್ದರು. ದಿಮ್ಮಿ ತುಂಬಿದ ಚೀಲದ ಮೇಲೆ ದಪ್ಪಕ್ಷರದಲ್ಲಿ "ಮೀನಿಗೆ" ಅಂತ ಅಚ್ಚಾಗಿತ್ತು. ಗಂಬೂಟು ಹಾಕಿದ ಕೆಲಸಗಾರನೊಬ್ಬ ಮನೆಯಿಂದ ತಂದ ಬಾಟಲಿಯಿಂದ ನೀರು ಕುಡಿಯುತ್ತಿದ್ದ. ಇಷ್ಟು ಐಸು ಇದೆಯಲ್ಲ, ಒಂದು ತುಂಡು ಹಾಕಿಕೊಳ್ಳಬಾರದೇ ಅಂದಳು ತರ್ಮಿ.

ಅವನು ನಕ್ಕುಬಿಟ್ಟ. "ಇದನ್ಯಾರು ಕುಡೀತಾರೆ ಬು? ಇದು ಬಂಗುಡೆಗೆ. ಹಸಿ ನೀರು."

ಚೀಲ ಬಿಚ್ಚಿ, ದಿಮ್ಮಿ ಒಡೆದು, ಬಣ್ಣದ ಡಬ್ಬಿಗೆ ತುಂಬಿ ನಮ್ಮ ಅಂಗಡಿಗಳಿಗೆ ತಂದುಕೊಡುತ್ತಿದ್ದವರು ಸುಗೊಂಡೊ. ವಾಪಸ್ ಬರುವಾಗ ತರ್ಮಿ ಸೇತುವೆಯ ಮೇಲೆ ಸ್ಕೂಟರು ನಿಲ್ಲಿಸಿದಳು. ಆಮೇಲೆ, "ಎಷ್ಟು ಮಕ್ಳಿಗೆ ಕೊಟ್ಟೆ ನಾನು," ಅಂದಳು.

ಸೋಮವಾರ ತರ್ಮಿಯ ಜೊತೆ ನಾನೂ ಶಾಲೆಗೆ ಹೋದಾಗ ಕಾಗದ ಟೈಪಾಗಿ ಹೆಡ್ ಮಾಸ್ಟರ ಮೇಜಿನ ಮೇಲಿತ್ತು. ತಪ್ಪಿದ್ದರೆ ಅಳೆದು ತೋರಿಸಿ, ನಾವೇ ತಿದ್ದಿ ಬರೆಯುತ್ತೇವೆ ಅಂದರು ಪಾಕ್ ಲುಕಿತೊ. ಅವರ ಮಾತು ಅರ್ಧಕ್ಕೇ ನಿಂತಿತು. ಮಕ್ಕಳು ಊರಿನ ಮಾನ ಕಳೆದರು ಅಂತ ಸುಗೊಂಡೊ ಗುಡುಗಿದರು. ವೆನಿಂಗ್‌ಳ ಕೈಗೆ ಪೆನ್ನು ಬಂತು. ಅಷ್ಟರಲ್ಲಿ ತರ್ಮಿ ಆ ಕಾಗದವನ್ನು ಎಳೆದುಕೊಂಡಳು.

"ಇದ್ರಲ್ಲಿ ದೂರು ಕೊಟ್ಟೋರು ಯಾರು ಪಾಕ್? ಫೋಟೋದಲ್ಲಿರೋದು ನನ್ ಗ್ಲಾಸು, ಹಾಕಿರೋದು ನನ್ ಮಗ್ಳು. ಮಾನ ಹೋಗಿದ್ರೆ ನಂದು. ನಂದೇನೂ ದೂರಿಲ್ಲ."

"ಐಸು ಯಾರದ್ದು ಅಂತ ಇಡೀ ಊರಿಗೆ ಗೊತ್ತು," ಅಂದರು ಸುಗೊಂಡೊ.

"ಅವ್ಳು ಬರ್ದಿಲ್ಲ. ಈಗ ನೀವೇ ಹೇಳ್ತಾ ಇದೀರ. ಚೀಲದ ಮೇಲೆ ಏನು ಬರ್ದಿದೆ ಅಂತಾನೂ ಹೇಳ್ಬಿಡಿ."

ಸುಗೊಂಡೊ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. ಹೆಡ್ ಮಾಸ್ಟರು ಕಾಗದ ಮಡಚಿ ಡ್ರಾಯರಿಗೆ ಹಾಕಿ, ಸದ್ಯಕ್ಕೆ ಬ್ಲಾಗು ಇರಲಿ ಅಂದರು. ಆ "ಸದ್ಯಕ್ಕೆ" ನೆನೆದರೆ ನನಗೆ ಈಗಲೂ ಸಿಟ್ಟು. ಮಕ್ಕಳು ನಿಜ ಬರೆಯುವುದಕ್ಕೆ ಸದ್ಯಕ್ಕೆ ಅಂತ ಗಡುವು ಬೇರೆಯೇ?

ತರ್ಮಿ ಈಗ ನೀರು ಚೆನ್ನಾಗಿ ಕುದಿಸಿ, ಮುಚ್ಚಿಟ್ಟು ಆರಿಸಿ, ತೊಳೆದ ಮುಚ್ಚಳದ ಡಬ್ಬಿಗಳಲ್ಲಿ ತಾನೇ ಐಸು ಕಟ್ಟುತ್ತಾಳೆ. ಮಧ್ಯಾಹ್ನಕ್ಕೇ ಮುಗಿದರೆ ಮುಗಿಯಿತು ಅನ್ನುತ್ತಾಳೆ, ಬೇರೆಯದು ತರಿಸುವುದಿಲ್ಲ. ಅದರಿಂದಲೂ ಒಂದು ಹನಿ ತೆಗೆದು ಡಬ್ಬಿಗೆ ಹಾಕಿ, ಕಂಡದ್ದು ಕಂಡ ಹಾಗೆ ಬರಿ ಅಂತ ಮಗಳಿಗೆ ಹೇಳಿದವಳೂ ಅವಳೇ.

ಅಕ್ಕಂದಿರೇ, ಅಣ್ಣಂದಿರೇ, ಹೆಪ್ಪುಗಟ್ಟಿದ ಮಾತ್ರಕ್ಕೆ ನೀರಿನ ಕ್ರಿಮಿ ಸಾಯುವುದಿಲ್ಲ, ಮೇಲೆ ಸುರಿದ ಚಹಾದಿಂದ ಐಸು ಬೇಯುವುದಿಲ್ಲ. ನೀರನ್ನು ಮೊದಲು ಕುದಿಸಿ, ಆಮೇಲೆ ಐಸು ಮಾಡಿ. ಕೊಳ್ಳುವ ಐಸು ಯಾವ ನೀರಿನದು ಅಂತ ಕೇಳಿ, ಹೇಳದಿದ್ದರೆ ಬೇಡ ಅನ್ನಿ. ಮಗುವಿಗೆ ಭೇದಿಯಾದರೆ ನಾಣ್ಯ ಹುಡುಕುತ್ತ ಕೂರದೆ ಓಆರ್‌ಎಸ್ ಕುಡಿಸುತ್ತ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಇನ್ನು, ನಿಮ್ಮ ಮನೆಯ ಹುಡುಗಿ ಥರ್ಮಾಮೀಟರ್ ಹಿಡಿದು ನಿಮ್ಮ ಮಾತನ್ನೇ ಅಳೆಯಲು ಬಂದರೆ ಗದರಬೇಡಿ. ಜೊತೆಗೆ ಕೂತು ಅಂಕಿ ಓದಿ. ಅವಳು ಬರೆದದ್ದನ್ನು ಅಳಿಸು ಅನ್ನುವವರು ಬಂದರೆ, ಅವಳ ಪಕ್ಕದ ಕುರ್ಚಿಯಲ್ಲಿ ನೀವಿರಿ.